ಸಕ್ಕರೆಯಿಲ್ಲದ ಮಿಠಾಯಿ

ನಾನು ಆ ಊರಿಗೆ ಸೊಸೆಯಾಗಿ ಹೋದ ದಿನ ಊರ ಬಾಗಿಲಲ್ಲೇ ನನ್ನ ಟ್ರಂಕು ತೆಗೆಸಿದರು. ಅಮ್ಮ ಕಟ್ಟಿಕೊಟ್ಟಿದ್ದ ಗಂಟು ಬಿಚ್ಚಿ ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿಯ ಪೊಟ್ಟಣ, ಕಾಫಿಪುಡಿ, ಸೀರೆಗಳ ನಡುವೆ ಇಟ್ಟಿದ್ದ ನುಸಿಗುಳಿಗೆ ಎಲ್ಲವನ್ನೂ ಒಂದು ಕಬ್ಬಿಣದ ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದರು. ಒರಟಾಗಿ ಯಾರೂ ನಡೆದುಕೊಳ್ಳಲಿಲ್ಲ. ಅಲ್ಲಿ ಕೂತಿದ್ದ ಮುದುಕಿ ನನ್ನ ಎರಡೂ ಕೈ ಹಿಡಿದು ಮೂಸಿ, "ಬೆರಳಲ್ಲಿ ಇನ್ನೂ ಬೆಳ್ಳುಳ್ಳಿ ಇದೆ, ತೊಳ್ಕೊಳಮ್ಮ" ಎಂದು ತಾನೇ ಸೀಗೆಪುಡಿ ಕೊಟ್ಟು ನೀರು ಹುಯ್ದಳು. ನನ್ನ ಗಂಡ ಓಂಕಾರಪ್ಪ ಮುಖ ತಗ್ಗಿಸಿಕೊಂಡು ನಿಂತಿದ್ದರು. ಆಮೇಲೆ ಒಂದು ಹಗ್ಗದ ತುದಿಯನ್ನು ನನ್ನ ಕೈಗಿಟ್ಟರು. ಇನ್ನೊಂದು ತುದಿಯಲ್ಲಿ ಒಂದು ಕೆಂಪು ನಾಯಿ ನಿಂತಿತ್ತು. "ಏನೇ ಆದ್ರೂ ಹಗ್ಗ ಬಿಡಬೇಡ" ಎಂದರು.

ಆ ಊರಿನ ಓಣಿಗಳು ಇದ್ದಲ್ಲಿ ಇರುವುದಿಲ್ಲ. ಬೆಳಗ್ಗೆ ಹಾಲಿನ ಡೇರಿಗೆ ಹೋದ ಓಣಿ ಮಧ್ಯಾಹ್ನ ಕೆರೆ ಏರಿಯ ಮೇಲೆ ಹೋಗಿ ನಿಂತಿರುತ್ತದೆ, ಸಂಜೆ ಎಲ್ಲಿಗೂ ಹೋಗುವುದಿಲ್ಲ. ನಮ್ಮ ಬೀದಿಯ ಒಂಬತ್ತು ಮನೆಗಳು ಒಂದನ್ನೊಂದು ಬಿಟ್ಟು ಕದಲಿದ್ದಿಲ್ಲ, ಎದುರುಮನೆ ಎದುರುಮನೆಯಾಗಿಯೇ ಇರುತ್ತಿತ್ತು. ಬೀದಿಯ ತಿರುವು ದಾಟಿದ ಮೇಲೆ ಮಾತ್ರ ಯಾವುದನ್ನೂ ನಂಬುವ ಹಾಗಿರಲಿಲ್ಲ. ನಾಯಿಗಳಿಗೆ ದಾರಿ ಗೊತ್ತಿತ್ತು. ಅವು ಹೋಗಬೇಕಾದ ಕಡೆಗೆ ಹೋಗಿ, ಬರಬೇಕಾದ ಮನೆಗೆ ಬರುತ್ತಿದ್ದವು. ನಾವು ಹಗ್ಗ ಹಿಡಿದು ಹಿಂದೆ ನಡೆಯುತ್ತಿದ್ದೆವು. ನಾಯಿಯಿಲ್ಲದೆ ತಿರುವು ದಾಟಿದವರು ಹಿಂತಿರುಗಿ ಬಂದದ್ದನ್ನು ಕಂಡವರಿರಲಿಲ್ಲ.

ಹಾಗಾಗಿ ನಾಯಿಗೆ ಆಗದ್ದು ಊರಿಗೂ ಆಗುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಸಾರಿಗೆ ಇಂಗಿನ ಒಗ್ಗರಣೆ, ಪಾಯಸಕ್ಕೆ ಬರೀ ಏಲಕ್ಕಿ, ಬೆಳಗ್ಗೆ ಕಾಫಿಯ ಬದಲು ಹುರಿದ ರಾಗಿಯ ಕಷಾಯ. ಬೇಕರಿಯವನು ಉಬ್ಬಿದ ಹಿಟ್ಟನ್ನು ಎರಡು ಬಾಗಿಲುಗಳ ಹಿಂದೆ ಬೀಗ ಹಾಕಿ ಇಡುತ್ತಿದ್ದ. ಜ್ವರ ಬಂದರೆ ಆಸ್ಪತ್ರೆಯವರು ಮಾತ್ರೆಯನ್ನು ಬಾಯಿಗೇ ಹಾಕಿ, ನುಂಗಿದ್ದನ್ನು ನೋಡಿಯೇ ಕಳಿಸುತ್ತಿದ್ದರು. ಚಾಕೊಲೇಟು ಎಂಬ ಪದವನ್ನು ಮಕ್ಕಳ ಮುಂದೆ ಯಾರೂ ಆಡುತ್ತಿರಲಿಲ್ಲ. ಮೊದಲ ವರ್ಷ ಈರುಳ್ಳಿ ಬಜ್ಜಿಯ ಕನಸು ಬಿದ್ದು ಎದ್ದು ಕೂತಿದ್ದೇನೆ. ಆಮೇಲೆ ಅದೂ ಮರೆತುಹೋಯಿತು. ಮಗಳು ಇಂಚರ ಹುಟ್ಟಿದಳು. ಆ ಕೆಂಪು ನಾಯಿ ಸತ್ತಾಗ ಅದರ ಮರಿ ಕೆಂದಿ ಬೆಳೆದು ನಿಂತಿದ್ದಳು. ಗಂಡ ಲಾರಿ ಓಡಿಸುತ್ತಿದ್ದರು, ಮೂರು ವಾರಕ್ಕೊಮ್ಮೆ ಬಂದು ಊರ ಬಾಗಿಲಲ್ಲಿ ಹಾರ್ನ್ ಹೊಡೆದರೆ ಕೆಂದಿ ಒಬ್ಬಳೇ ಹೋಗಿ ಕರೆತರುತ್ತಿದ್ದಳು. ಬೆಳಗ್ಗೆ ಇಂಚರಳನ್ನು ಶಾಲೆಗೆ ಬಿಡುವುದು, ಆಮೇಲೆ ನನ್ನನ್ನು ರೇಷನ್ ಅಂಗಡಿಗೋ ಗಿರಣಿಗೋ ಕರೆದೊಯ್ಯುವುದು, ಮೂರು ಗಂಟೆಗೆ ಮತ್ತೆ ಶಾಲೆಗೆ ಹೋಗುವುದು, ಎಲ್ಲವೂ ಅವಳದೇ. ಮನೆಯಲ್ಲಿ ಅವಳಿಗಿಂತ ಹೆಚ್ಚು ಕೆಲಸ ಇದ್ದವರು ಯಾರೂ ಇರಲಿಲ್ಲ.

ನನ್ನ ಅತ್ತೆ ನಾಗರತ್ನಮ್ಮನವರಿಗೆ ಸಕ್ಕರೆ ಕಾಯಿಲೆ. ಸಿಹಿ ಎಂದರೆ ಪ್ರಾಣ ಬಿಡುವ ಹೆಂಗಸು. ಮಾತ್ರೆ ನುಂಗಿ ಊಟ ತಡಮಾಡಿದರೆ ಶುಗರ್ ಇಳಿದುಬಿಡುತ್ತಿತ್ತು. ಕಾಲು ತಡವರಿಸುತ್ತಿತ್ತು, ಕೈ ನಡುಗಿ ಮಾತು ತೊದಲಿ, ಗೋಡೆ ಹಿಡಿದು ಕುಸಿಯುತ್ತಿದ್ದರು. ನಾನು ಓಡಿಬಂದು ನಾಲಗೆ ಕೆಳಗೆ ಬೆಲ್ಲದ ಚೂರಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಣ್ಣುಬಿಟ್ಟು, "ಇನ್ನೊಂದು ಚೂರು ಕೊಡೇ, ಹೆಂಗೂ ಬಾಯಲ್ಲಿಟ್ಟೆಯಲ್ಲ" ಎನ್ನುತ್ತಿದ್ದರು. ಆ ಸಲ ಬಂದಾಗ ನನ್ನ ಗಂಡ ತಾಯಿಗೆಂದು ಸಕ್ಕರೆಯಿಲ್ಲದ ಮಿಠಾಯಿ ತಂದರು. ನೀಲಿ ಕಾಗದ ಸುತ್ತಿದ ಬಿಳಿಯ ಗುಂಡುಗಳು, ಒಂದು ದೊಡ್ಡ ಡಬ್ಬಿಯ ತುಂಬ. ಊರ ಬಾಗಿಲಿನ ಮುದುಕಿ ಮೂಸಿ, "ಪುದೀನ" ಎಂದು ತಾನೂ ಒಂದು ಬಾಯಿಗೆ ಹಾಕಿಕೊಂಡು ಒಳಗೆ ಬಿಟ್ಟಿದ್ದಳಂತೆ. ಅತ್ತೆ ಮೊದಲನೆಯದನ್ನು ಚೀಪಿ ಕಣ್ಣಲ್ಲಿ ನೀರು ತಂದುಕೊಂಡರು.

ಅದಾಗಿ ಒಂದು ವಾರಕ್ಕೆ ಟೈಲರ್ ಈರಣ್ಣನವರ ನಾಯಿ ಮಲ್ಲ ಸತ್ತಿತು. ಈರಣ್ಣನವರದು ನಮ್ಮ ಎದುರುಮನೆ. ಅವರ ಅಂಗಡಿ ಮಾತ್ರ ತಿರುವಿನಾಚೆ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯಿಂದ ಅವರ ಕೂಗು ಕೇಳಿತು, "ಗಂಗಾ, ಮಲ್ಲ ಹೋಗ್ಬಿಟ್ಟ ಕಣೇ!" ಅವರ ಹೆಂಡತಿ ಗಂಗಕ್ಕ ತಿರುವಿನವರೆಗೆ ಓಡಿ ನಿಂತರು. "ಅಲ್ಲೇ ಇರಿ! ಯಾರದಾದ್ರೂ ನಾಯಿ ಕಳಿಸ್ತೀವಿ!" ಎಂದರು. ಈರಣ್ಣನವರು ಕಾಯಲಿಲ್ಲ. ಸತ್ತ ನಾಯಿಯ ಜೊತೆ ಕೂರಲಾರದೆ ಹೊರಟರೋ, ಹೆಂಡತಿಯ ದನಿ ಅಷ್ಟು ಹತ್ತಿರ ಕೇಳಿದ್ದಕ್ಕೆ ಹೊರಟರೋ ತಿಳಿಯದು. "ನಿನ್ನ ದನಿ ಹಿಡ್ಕೊಂಡೇ ಬರ್ತೀನಿ, ಕೂಗ್ತಾ ಇರು" ಎಂದರು. ಗಂಗಕ್ಕ ಕೂಗಿದರು. ಅವರು ಓಗೊಟ್ಟರು. ಓಗೊಟ್ಟದ್ದು ಮೊದಲು ಎದುರಿನಿಂದ, ಆಮೇಲೆ ಎಡಗಡೆಯಿಂದ, ಆಮೇಲೆ ನಮ್ಮ ಮನೆಯ ಹಿತ್ತಲಿನ ಆಚೆಯಿಂದ ಕೇಳಿತು. ನಾನು ಹಿತ್ತಲಿಗೆ ಓಡಿ ಗೋಡೆ ಹತ್ತಿ ನೋಡಿದೆ, ಬರೀ ಹುಣಸೆ ಮರವಿತ್ತು. ದನಿ ತೆಳ್ಳಗಾಗುತ್ತ ಹೋಯಿತು. ಕೊನೆಗೆ "ಗಂಗಾ, ನೀನು ಯಾಕೆ ದೂರ ಹೋಗ್ತಿದ್ದೀಯ?" ಎಂದದ್ದು ಕೇಳಿತು. ಆಮೇಲೆ ಇಲ್ಲ. ಊರಿನ ನಾಯಿಗಳನ್ನೆಲ್ಲ ಬಿಟ್ಟು ಹುಡುಕಿಸಿದರು, ಸಿಗಲಿಲ್ಲ. ಗಂಗಕ್ಕ ಮೂರು ದಿನ ಆ ತಿರುವಿನಲ್ಲೇ ನಿಂತಿದ್ದರು.

ಅದೇ ವಾರ ಕೊನೆಮನೆಯ ದಾಕ್ಷಾಯಣಮ್ಮನವರ ನಾಯಿ ಸತ್ತಿತು. ಅದರ ಮರುದಿನ ಗಡಿಯಾರ ರಿಪೇರಿಯ ನಂಜಪ್ಪನವರ ನಾಯಿ. ಇದು ಸತ್ತದ್ದು ನನ್ನ ಕಣ್ಣೆದುರಿಗೇ. ಜಗಲಿಯಿಂದ ಇಳಿದದ್ದು ಕುಡಿದವರ ಹಾಗೆ ತೂರಾಡಿತು, ಹಿಂಗಾಲು ಮಡಚಿತು, ಮೈಯೆಲ್ಲ ನಡುಗಿ ಮಗ್ಗುಲಾಯಿತು. ಇಂಥದ್ದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲೆಂದು ಹೊಳೆಯಲಿಲ್ಲ.

ಊರ ಹಿರಿಯರು ಮನೆ ಮನೆ ಶೋಧಿಸತೊಡಗಿದರು. ಮೊದಲು ಬಂದದ್ದು ನಮ್ಮ ಮನೆಗೆ, ನಾನು ಹೊರಗಿನವಳಲ್ಲವೇ. ಅಕ್ಕಿ ಡಬ್ಬಕ್ಕೆ ತೋಳಿನವರೆಗೆ ಕೈಹಾಕಿದರು, ದಿಂಬು ಬಿಚ್ಚಿದರು, ಅತ್ತೆಯ ಮಿಠಾಯಿ ಡಬ್ಬಿಯನ್ನೂ ತೆಗೆದು ಮೂಸಿ ಮುಚ್ಚಿದರು. ಏನೂ ಸಿಗಲಿಲ್ಲ. ಹೋಗುವಾಗ ಅವರಲ್ಲೊಬ್ಬರು, "ಇದ್ದರೆ ಈಗಲೇ ಹೇಳಿಬಿಡಮ್ಮ. ಆಮೇಲೆ ಗೊತ್ತಾದರೆ ನಿನ್ನನ್ನು ನಾಯಿಯಿಲ್ಲದೆ ತಿರುವು ದಾಟಿಸಬೇಕಾಗುತ್ತೆ" ಎಂದರು. ದನಿ ಏರಿಸದೆ, ಕನ್ನಡಕ ಒರೆಸುತ್ತ ಹೇಳಿದರು.

ಅಂದಿನಿಂದ ನನಗೆ ಅಡುಗೆಮನೆಯ ಪ್ರತಿಯೊಂದೂ ವಿಷವಾಗಿ ಕಾಣತೊಡಗಿತು. ಉಪ್ಪು ಮುಚ್ಚಿಟ್ಟೆ. ಅರಿಶಿನ ಚೆಲ್ಲಿದೆ. ಬೆಳ್ಳುಳ್ಳಿ ಎಂದು ಅನುಮಾನ ಬಂದು ಇಂಗಿನ ಡಬ್ಬಿಯನ್ನೂ ಹೂತೆ. ಕೆಂದಿಗೆ ಮೂರು ಹೊತ್ತೂ ಬರೀ ಅನ್ನ. ಶಾಲೆಯಿಂದ ಬಂದ ಇಂಚರಳ ಕೈ, ಜೇಬು, ಬಾಯಿ ಮೂಸುತ್ತಿದ್ದೆ. "ಅಮ್ಮ, ನೀನೇ ನಾಯಿ ಥರ ಆಗಿದ್ದೀಯ" ಎಂದು ಅವಳು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಆ ಗುರುವಾರ ಮೂರಕ್ಕೆ ಕಾಲು ಗಂಟೆ ಮುಂಚೆ ಕೆಂದಿ ಎಂದಿನಂತೆ ಎದ್ದು ಮೈಕೊಡವಿ ಶಾಲೆಗೆ ಹೊರಟಳು. ನಾನು ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ.

"ಪಾಪ, ಅದಕ್ಕೆ ಬರೀ ಅನ್ನ ತಿಂದು ನಾಲಗೆ ಕೆಟ್ಟುಹೋಗಿದೆ" ಎಂದರು ಅತ್ತೆ. "ಅದಕ್ಕೇ ಈಗ ಹೊರಡೋವಾಗ ಮೂರು ಮಿಠಾಯಿ ಹಾಕಿದೆ. ಚಪ್ಪರಿಸಿಕೊಂಡು ತಿಂತು."

"ತಿನ್ಲಿ ಬಿಡಿ" ಎಂದೆ. ಅಷ್ಟರಲ್ಲಿ ಅವರ ಪಾದ ನನ್ನ ಕೈಯಲ್ಲಿ ಸಣ್ಣಗೆ ನಡುಗಿತು. ಮುಪ್ಪಿನ ನಡುಕ, ದಿನವೂ ಇದ್ದದ್ದೇ. ನನ್ನ ಕೈ ನಿಂತುಬಿಟ್ಟಿತು. ತೂರಾಡುವುದು, ಕಾಲು ಮಡಚುವುದು, ನಡುಗಿ ಮಗ್ಗುಲಾಗುವುದು. ನಾನು ಅದನ್ನು ನೋಡಿದ್ದು ಈ ಮನೆಯಲ್ಲೇ, ಅತ್ತೆಗೆ ಶುಗರ್ ಇಳಿದಾಗ.

"ಅತ್ತೆ, ಆ ಮಿಠಾಯಿ ಇನ್ಯಾರಿಗೆ ಕೊಟ್ಟಿದ್ರಿ?"

"ಶುಗರ್ ಇರೋರಿಗೆ ಕಣೇ. ಅವರೂ ಸಿಹಿ ಕಂಡು ಎಷ್ಟು ವರ್ಷ ಆಯ್ತೋ. ಈರಣ್ಣನಿಗೆ ಕೊಟ್ಟೆ, ದಾಕ್ಷಾಯಣಿಗೆ ಕೊಟ್ಟೆ, ನಂಜಪ್ಪನಿಗೆ…" ಅಲ್ಲಿಗೆ ಅವರೂ ನಿಲ್ಲಿಸಿದರು. ನನ್ನ ಮುಖ ನೋಡಿದರು. "ನಿನ್ನೆ ಮೂಲೆಮನೆ ಮೇಷ್ಟ್ರಿಗೂ ಕಳಿಸಿದೆ" ಎಂದರು.

ಸಕ್ಕರೆಯಿಲ್ಲದ ಆ ಸಿಹಿ ನಾಯಿಯ ಮೈಯಲ್ಲಿದ್ದ ಸಕ್ಕರೆಯನ್ನು ಹೇಗೆ ಇಳಿಸುತ್ತದೋ ನನಗೆ ಅವತ್ತು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ, ಕೆಂದಿ ಈಗ ತಿರುವು ದಾಟಿದ್ದಾಳೆ. ಇನ್ನು ಎಷ್ಟು ಹೊತ್ತಿಗೋ ಅವಳ ಕಾಲು ಸೋಲುತ್ತದೆ. ಆಗ ಹಗ್ಗದ ತುದಿಯಲ್ಲಿ ನನ್ನ ಎಂಟು ವರ್ಷದ ಮಗಳಿರುತ್ತಾಳೆ.

ಬೆಲ್ಲ ಜಜ್ಜಿ ಚೊಂಬಿನ ನೀರಿಗೆ ಹಾಕಿದೆ. ಎಣ್ಣೆಗೈಯಿಂದ ಚೊಂಬು ಎರಡು ಸಲ ಜಾರಿತು. ಒಂದು ಬಾಟಲಿಗೆ ತುಂಬಿಕೊಂಡು ಎದುರುಮನೆಗೆ ಓಡಿದೆ. ಬೀದಿಯಲ್ಲಿ ಆ ಹೊತ್ತಿಗೆ ಇದ್ದ ನಾಯಿ ಗಂಗಕ್ಕನದು ಮಾತ್ರ. ಮಲ್ಲ ಸತ್ತ ಮೇಲೆ ಹಿರಿಯರು ಅವರಿಗೆ ಚುಕ್ಕಿ ಎಂಬ ಎಳೆ ನಾಯಿ ಕೊಟ್ಟಿದ್ದರು. ಗಂಗಕ್ಕ ಈರಣ್ಣನವರ ಅಂಗಿಯನ್ನು ಅದಕ್ಕೆ ಮೂಸಿಸಿ ದಿನವೂ ಅದರ ಹಿಂದೆ ಸುತ್ತುತ್ತಿದ್ದರು. ಚುಕ್ಕಿಗೆ ಇಂಚರ ಗೊತ್ತಿತ್ತು. ಅವಳು ಆ ಜಗಲಿಯ ಮೇಲೇ ಆಡುತ್ತಿದ್ದಳು.

"ಗಂಗಕ್ಕ, ಚುಕ್ಕಿ ಬೇಕು. ಕೆಂದಿ ಇನ್ನೂ ಬಂದಿಲ್ಲ, ಇಂಚರ ಶಾಲೆಯಲ್ಲೇ ಇದ್ದಾಳೆ" ಎಂದೆ. ಸುಳ್ಳು ತಾನಾಗಿ ಬಾಯಿಗೆ ಬಂತು.

ಗಂಗಕ್ಕ ಗಡಿಯಾರ ನೋಡಲಿಲ್ಲ, ಏನೂ ಕೇಳಲಿಲ್ಲ. "ಮಗು ಅಲ್ವಾ? ನಡಿ, ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದರು.

ಅವರು ಹಗ್ಗ ಹಿಡಿದು ಮುಂದೆ, ನಾನು ಅವರ ಸೆರಗು ಹಿಡಿದು ಹಿಂದೆ. ತಿರುವಿನಾಚೆ ಆವತ್ತು ಸುಣ್ಣ ಬಳಿದ ಎತ್ತರದ ಗೋಡೆಗಳ ಓಣಿಯಿತ್ತು, ಒಂದು ಕಿಟಕಿಯೂ ಇರಲಿಲ್ಲ. ಚುಕ್ಕಿ ಎಳೆಯದು, ನಿಂತು ನಿಂತು ಮೂಸುತ್ತಿತ್ತು. ಅದು ನಿಂತಾಗಲೆಲ್ಲ ನನಗೆ ಅದರ ಬೆನ್ನಿಗೆ ಹೊಡೆಯಬೇಕೆನಿಸುತ್ತಿತ್ತು. ಒಂದು ಕಡೆ ಕವಲಿನಲ್ಲಿ ಅದು ಸುತ್ತು ಹೊಡೆದು ಕೂತೇಬಿಟ್ಟಿತು. ಗಂಗಕ್ಕ ಬಾಗಿ ಅದರ ಕಿವಿಯ ಹಿಂದೆ ಕೆರೆದು, "ಇಂಚರ, ಇಂಚರ ಎಲ್ಲಿ?" ಎಂದು ಮೆಲ್ಲಗೆ ಕೇಳಿದರು. ಅದು ಎದ್ದು ಎಡಕ್ಕೆ ತಿರುಗಿತು.

ನನ್ನ ಮಗಳು ಓಣಿಯ ನಡುವೆ ನೆಲದ ಮೇಲೆ ಕೂತಿದ್ದಳು. ಕೆಂದಿಯ ತಲೆ ಅವಳ ತೊಡೆಯ ಮೇಲಿತ್ತು. ಹಗ್ಗವನ್ನು ಮುಂಗೈಗೆ ನಾಲ್ಕೈದು ಸುತ್ತು ಸುತ್ತಿಕೊಂಡಿದ್ದಳು, ಬೆರಳು ನೀಲಿಗಟ್ಟಿದ್ದವು. "ನಾನು ಬಿಡಲಿಲ್ಲ ಅಮ್ಮ" ಎಂದಳು. ಅಳಲಿಲ್ಲ. ಅವಳ ಹಿಂದೆ ಓಣಿ ಇನ್ನೂ ಇತ್ತೋ ಇಲ್ಲವೋ ನಾನು ನೋಡಲಿಲ್ಲ.

ಕೆಂದಿಯ ಕಣ್ಣು ಅರ್ಧ ತೆರೆದಿತ್ತು, ಮೈ ಬಿಟ್ಟು ಬಿಟ್ಟು ನಡುಗುತ್ತಿತ್ತು. ನುಂಗುವ ಹಾಗಿರಲಿಲ್ಲ. ಬೆಲ್ಲದ ನೀರಲ್ಲಿ ಬೆರಳದ್ದಿ ಅವಳ ವಸಡಿಗೆ ಉಜ್ಜಿದೆ. ಮತ್ತೆ ಅದ್ದಿದೆ, ಮತ್ತೆ ಉಜ್ಜಿದೆ. ಎಷ್ಟು ಹೊತ್ತೋ. ನಾಲಗೆ ಒಮ್ಮೆ ಹೊರಳಿತು. ನನ್ನ ಬೆರಳನ್ನು ನೆಕ್ಕಿತು.

ತಲೆಯೆತ್ತಿದರೆ ಗಂಗಕ್ಕ ನನ್ನನ್ನೇ ನೋಡುತ್ತಿದ್ದರು.

"ಬೆಲ್ಲದ ನೀರು ಯಾಕೆ ತಂದೆ ಚಂಪಾ?"

ನಾನು ಬೆರಳು ಅದ್ದಿದೆ.

"ಶಾಲೆಯಿಂದ ಕರ್ಕೊಂಡು ಬರೋಕೆ ಹೊರಟವಳು ಬೆಲ್ಲದ ನೀರು ಯಾಕೆ ತಂದೆ?"

ಚುಕ್ಕಿಯ ಹಗ್ಗ ಅವರ ಕೈಯಲ್ಲಿತ್ತು. ಆ ಓಣಿಯಲ್ಲಿ ನಡೆಯಬಲ್ಲ ನಾಯಿ ಅದೊಂದೇ. ಇನ್ನೊಂದು ಸುಳ್ಳು ಹೇಳಬಹುದಿತ್ತು. ಕನಸು ಬಿತ್ತು ಅನ್ನಬಹುದಿತ್ತು. ಬಾಯಿ ತೆರೆದೆ, ಆ ಸುಳ್ಳು ಹೊರಡಲಿಲ್ಲ. "ಮಿಠಾಯಿ ಗಂಗಕ್ಕ" ಎಂದೆ. "ನಮ್ಮನೆಯವರು ತಂದದ್ದು. ಅತ್ತೆಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಈರಣ್ಣನೋರಿಗೂ ಕೊಟ್ಟಿದ್ರು. ಅವರು ಮಲ್ಲನಿಗೂ ಹಾಕಿರಬೇಕು."

ಗಂಗಕ್ಕ ಚುಕ್ಕಿಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. "ಆವತ್ತು ಬುತ್ತಿ ಕಟ್ಟೋವಾಗ ನನಗೂ ಒಂದು ತೋರಿಸಿದ್ರು" ಎಂದರು. "ನಾನು ಅರ್ಧ, ಮಲ್ಲ ಅರ್ಧ ಅಂತ ನಗ್ತಾ ಹೋದ್ರು." ಬಾಗಿ ಇಂಚರಳ ಮುಂಗೈಯಿಂದ ಕೆಂದಿಯ ಹಗ್ಗವನ್ನು ಒಂದೊಂದೇ ಸುತ್ತು ಬಿಚ್ಚಿದರು. ಬಿಚ್ಚಿದ ತುದಿಯನ್ನು ನನ್ನ ಮಡಿಲಲ್ಲಿ ಹಾಕಿದರು. ಮಗುವನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡರು. "ಇವಳನ್ನ ಮನೆ ಸೇರಿಸ್ತೀನಿ. ನಿನ್ನ ನಾಯಿ ಎದ್ದರೆ ನೀನೂ ಬಾ."

"ಅಕ್ಕ" ಎಂದೆ.

ಅವರು ತಿರುಗಲಿಲ್ಲ. ಇಂಚರ ಅವರ ಭುಜದ ಮೇಲಿಂದ ನನ್ನ ಕಡೆ ಕೈಚಾಚಿ "ಅಮ್ಮ, ಅಮ್ಮ" ಎಂದು ಅಳತೊಡಗಿದಳು. ಚುಕ್ಕಿ ಬಾಲ ಅಲ್ಲಾಡಿಸುತ್ತ ಮುಂದೆ ಹೋಯಿತು. ಗೋಡೆಯ ತುದಿ ದಾಟಿದ ಕೂಡಲೇ ಅಳುವಿನ ಸದ್ದು ಕಡಿದುಹೋಯಿತು. ನಾನು ಆ ಕಡೆ ನೋಡಿದಾಗ ಗೋಡೆಗೆ ತುದಿಯೇ ಇರಲಿಲ್ಲ.

ಅಲ್ಲಿ ಕೂತಷ್ಟು ಹೊತ್ತು ನಾನು ಹೆದರಿದ ಹಾಗೆ ಆಮೇಲೆ ಯಾವತ್ತೂ ಹೆದರಿಲ್ಲ. ಬಿಸಿಲಿತ್ತು, ಹಗಲಿತ್ತು, ಒಂದು ಕಾಗೆ ಗೋಡೆಯ ಮೇಲೆ ಕೂತು ನೋಡುತ್ತಿತ್ತು. ಸಾಮಾನ್ಯ ಮಧ್ಯಾಹ್ನದ ಹಾಗೆಯೇ ಇದ್ದದ್ದು ಹೆಚ್ಚು ಹೆದರಿಕೆ ತರುತ್ತಿತ್ತು. ನಾನು ನೆಲ ನೋಡುತ್ತ ಬೆರಳು ಅದ್ದುತ್ತಿದ್ದೆ. ಕಣ್ಣೆತ್ತಿದಾಗಲೆಲ್ಲ ಗೋಡೆಯ ಬಣ್ಣ ಸ್ವಲ್ಪ ಬೇರೆಯಾಗಿರುತ್ತಿತ್ತು. ಒಮ್ಮೆ ನೀಲಿ, ಒಮ್ಮೆ ಬರೀ ಮಣ್ಣು. ಈರಣ್ಣನವರ ಹೆಸರು ಹಿಡಿದು ಕೂಗಿದೆ. ನನ್ನ ದನಿಯೂ ವಾಪಸು ಬರಲಿಲ್ಲ. ಬಾಟಲಿ ಅರ್ಧವಾಯಿತು. ಕೆಂದಿ ಸತ್ತರೆ ಎಷ್ಟು ದಿನ ಕೂರಬೇಕು, ಏನು ಕುಡಿಯಬೇಕು ಎಂದೆಲ್ಲ ಯೋಚನೆ ಬಂತು. ಇದೇ ನೀರನ್ನು ನನಗೂ ಉಳಿಸಿಕೊಳ್ಳಲೇ ಎಂದು ಒಂದು ಕ್ಷಣ ಮುಚ್ಚಳ ಹಾಕಿದೆ. ಹಾಕಿದ್ದಕ್ಕೆ ನಾಚಿಕೆಯಾಗಿ ಮತ್ತೆ ತೆಗೆದೆ.

ಆಗ ದೂರದಲ್ಲಿ ಒಂದು ದನಿ ಕೇಳಿತು. ಮೊದಲು ಏನೆಂದು ತಿಳಿಯಲಿಲ್ಲ. ಆಮೇಲೆ ಅದು ನನ್ನ ಅತ್ತೆಯದು ಎಂದು ಗೊತ್ತಾಯಿತು. ಎಪ್ಪತ್ತು ದಾಟಿದ ಹೆಂಗಸು, ಮನೆಯೊಳಗೆ ಕೂಗಿದರೆ ಅಡುಗೆಮನೆಗೆ ಕೇಳದಂಥ ದನಿ. ಅವರು ಹೊಸ್ತಿಲ ಮೇಲೆ ನಿಂತು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದರು. "ನನ್ನ ಮಿಠಾಯಿ ನಾಯಿಗೆ ಹಾಕಬೇಡ್ರಪ್ಪೋ! ನಾನೇ ಕೊಟ್ಟದ್ದು! ನಾಗರತ್ನ ಕೊಟ್ಟದ್ದು! ಹಾಕಿದ್ರೆ ಬೆಲ್ಲ ನೆಕ್ಕಿಸ್ರೋ!" ಉಸಿರು ಕಟ್ಟಿ ನಿಲ್ಲುತ್ತಿದ್ದರು, ಮತ್ತೆ ಕೂಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೇ ಮಾತನ್ನು ಒಬ್ಬ ಗಂಡಸು ಕೂಗಿದ, ಆಮೇಲೆ ಇನ್ನೆಲ್ಲೋ ಒಬ್ಬ ಹುಡುಗಿ. ಮನೆಯಿಂದ ಮನೆಗೆ, ಕಾಲು ಹೋಗಲಾರದ ಕಡೆಗೆಲ್ಲ ಆ ಮಾತು ಹೋಯಿತು. ನಾನು ಹೇಳಲು ಅಷ್ಟು ಹೆದರಿದ್ದ ಮಾತು ಅದು. ಕೆಂದಿಯ ಕುತ್ತಿಗೆಗೆ ಮುಖವಿಟ್ಟು ಅತ್ತುಬಿಟ್ಟೆ.

ಕೆಂದಿ ಎದ್ದದ್ದು ಆ ದನಿಗೋ ಬೆಲ್ಲಕ್ಕೋ ಹೇಳಲಾರೆ. ಮೊದಲು ವಾಂತಿ ಮಾಡಿದಳು. ಆಮೇಲೆ ಮುಂಗಾಲೂರಿದಳು, ಬಿದ್ದಳು, ಮತ್ತೆ ಊರಿದಳು. ನಾನು ಹಗ್ಗ ಹಿಡಿದೆ. ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದಳು. ಕೂತಾಗ ವಸಡಿಗೆ ಬೆಲ್ಲದ ನೀರು ಹಚ್ಚುತ್ತಿದ್ದೆ. ಹೀಗೆ ಮನೆ ಸೇರುವಾಗ ಹೊತ್ತು ಇಳಿದಿತ್ತು.

ಇಂಚರ ನಮ್ಮ ಜಗಲಿಯ ಮೇಲೆ ನಿದ್ದೆ ಹೋಗಿದ್ದಳು. ಗಂಗಕ್ಕ ಅವಳ ಮುಂಗೈಗೆ ಬಿಸಿನೀರಿನ ಬಟ್ಟೆ ಒತ್ತುತ್ತ ಪಕ್ಕದಲ್ಲಿ ಕೂತಿದ್ದರು. ಅತ್ತೆ ಬಾಗಿಲಿಗೆ ಒರಗಿದ್ದರು. ನನ್ನನ್ನು ಕಂಡು ಏನೋ ಹೇಳಲು ಬಾಯಿ ತೆರೆದರು, ದನಿ ಹೊರಡಲಿಲ್ಲ. ಅದು ಆಮೇಲೆ ಸರಿಹೋಗಲೇ ಇಲ್ಲ. ಇವತ್ತಿಗೂ ಪಿಸುಮಾತೇ. ಮೂಲೆಮನೆ ಮೇಷ್ಟ್ರ ನಾಯಿ ಉಳಿದುಕೊಂಡಿತು. ಮರುದಿನ ನಾಯಿ ಡಾಕ್ಟರು ಬಂದು ಕೆಂದಿಗೆ ಎರಡು ದಿನ ಸಲೈನ್ ಹಾಕಿದರು, ಲಿವರಿಗೆ ಪೆಟ್ಟು ಬಿದ್ದಿದೆ, ಕಾದು ನೋಡಬೇಕು ಎಂದರು. ನಾಲ್ಕನೆಯ ದಿನ ಅವಳು ಅನ್ನ ತಿಂದಳು. ಹಿರಿಯರು ಬಂದಾಗ ಅತ್ತೆ ನಡುಬೀದಿಗೆ ಬಂದು ಕೈಮುಗಿದು ನಿಂತರು. ಅವರು ಕನ್ನಡಕ ಒರೆಸಿಕೊಂಡು, ಡಬ್ಬಿ ತೆಗೆದುಕೊಂಡು, ಏನೂ ಹೇಳದೆ ಹೋದರು. ನಾವೂ ಮೂಸಿದ್ದೆವಲ್ಲ ಎಂದು ಅವರಿಗೂ ಅನ್ನಿಸಿರಬೇಕು.

ಗಂಗಕ್ಕ ಮಾತ್ರ ನಮ್ಮ ಮನೆಯ ಕಡೆ ತಲೆಯೆತ್ತಿ ನೋಡಲಿಲ್ಲ. ಹತ್ತು ದಿನವಾದ ಮೇಲೆ ಒಂದು ಬೆಳಗ್ಗೆ ಚುಕ್ಕಿಯ ಹಗ್ಗ ಹಿಡಿದು, ಗಂಡನ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ನಮ್ಮ ಮೆಟ್ಟಿಲ ಮುಂದೆ ಬಂದು ನಿಂತರು.

"ಕೆಂದಿ ನಡೀತಾಳಾ?"

"ನಡೀತಾಳೆ ಅಕ್ಕ."

"ಹಂಗಾದ್ರೆ ಬಾ. ಎರಡು ನಾಯಿ ಇದ್ರೆ ಎರಡು ಕಡೆ ಹುಡುಕಬಹುದು."

ತಿರುವಿನಾಚೆ ಅವರು ನನ್ನನ್ನು ಎಲ್ಲಾದರೂ ಬಿಟ್ಟು ಬರುತ್ತಾರೇನೋ ಎಂಬ ಭಯ ಆವತ್ತು ನನಗಿತ್ತು. ಇವತ್ತಿಗೂ ಅದು ಪೂರ್ತಿ ಹೋಗಿಲ್ಲ. ಅವರು ಅಷ್ಟು ಕಡಿಮೆ ಮಾತಾಡುತ್ತಾರೆ, ನನ್ನ ಮುಖವನ್ನು ಅಷ್ಟು ಕಡಿಮೆ ನೋಡುತ್ತಾರೆ. ಆದರೂ ಇಂಚರ ಶಾಲೆಗೆ ಹೋದ ಮೇಲೆ ಬಾಗಿಲು ಎಳೆದುಕೊಂಡು ದಿನವೂ ಹೊರಡುತ್ತೇನೆ. ಅವರು ಒಂದು ಓಣಿಯಲ್ಲಿ, ನಾನು ಇನ್ನೊಂದರಲ್ಲಿ. ಗೋಡೆಯಾಚೆಯಿಂದ ಅವರು "ಈರಣ್ಣೋರೇ" ಎಂದು ಕೂಗುತ್ತಾರೆ, ಈಚೆಯಿಂದ ನಾನೂ ಕೂಗುತ್ತೇನೆ. ಕೂಗಿದ ಮೇಲೆ ಇಬ್ಬರೂ ಉಸಿರು ಹಿಡಿದು ನಿಲ್ಲುತ್ತೇವೆ.